ಕೂಪಲೆ ಅಲ್ಲದ್ದ ಹಸೆ



ಕಳುದ ಸರ್ತಿ ಹಲಸಿನಕಾಯಿ ಹಪ್ಪಳದ ಶುದ್ದಿ ಬರದಿತ್ತಿದ್ದೆ. ಈ ಸರ್ತಿ ಒಂದು ಹಸೆಯ ಶುದ್ದಿ. ಹಸೆ ಹೇಳಿರೆ ನವಗೆ ಹಾಸಿ ಕೂಪಲೆ, ಒರಗುಲೆ, ಹಪ್ಪಳ ಒಣಗ್ಸುಲೆ, ಅಷ್ಟೇ ಅಲ್ಲದೋ? ಹಸೆಯ ಮೈಮೇಗೆ ಹೊದಕ್ಕೊಂಡು ಒಂದು ದೇಶದ ಪ್ರಧಾನಮಂತ್ರಿ ತಪ್ಪು ಒಪ್ಪಿಗೊಂಡದರ ಆನು ನೋಡಿದ್ದೆ. ಅದು ಎಂತ ಹಸೆ, ಆರು ನೇದ್ದು, ಎಂತಗೆ ಹೊದದ್ದು ಹೇಳಿ ಹೇಳೆಕ್ಕಾರೆ ರಜ ಸುತ್ತು ಹಾಕೆಕ್ಕಾವುತ್ತು. ದಾರಿಲಿ ಚರಿತ್ರೆಯೂ ಬತ್ತು, ಪತ್ರೊಡೆಯೂ ಬತ್ತು. ಬೊಡಿಗು ಹೇಳಿ ಹೆದರೆಡಿ.

ಮಗಳ ಬಾಳಂತನಕ್ಕೆ ಹೇಳಿ ಆನು 2020ರ ಫೆಬ್ರವರಿಲಿ ನ್ಯೂಜಿಲೆಂಡಿನ ಆಕ್ಲೆಂಡಿಂಗೆ ಹೋದ್ದು. ನಾಲ್ಕು ತಿಂಗಳು ಇದ್ದು ಬಪ್ಪ ಲೆಕ್ಕ. ಮಾರ್ಚಿಲಿ ಕೊರೊನಾ ಬಂತು, ದೇಶದ ಬಾಗಿಲು ಹಾಕಿದವು. ಪುಳ್ಳಿ ಹುಟ್ಟಿತ್ತು, ಮಗಳು ಪುನಾ ಕೆಲಸಕ್ಕೆ ಹೆರಟತ್ತು, ಆನು ಅಲ್ಲೇ ಬಾಕಿ. ಊರಿಲಿ ಇವು ಹೆಜ್ಜೆ-ಉಪ್ಪಿನಕಾಯಿಲಿ ದಿನ ಕಳದವು. ನಾಲ್ಕು ತಿಂಗಳು ಹೇಳಿ ಹೋದೋಳು ಎರಡು ವರ್ಷ ಕಳುದು ಬಂದೆ.

ಮಗಳ ಮನೆ ಆಕ್ಲೆಂಡಿನ ತೆಂಕ ಹೊಡೆಲಿ. ಬೇಲಿಯ ಆಚಿಕೆ ಮನೆ ಸಮೋವಾದವರದ್ದು. ಸಮೋವಾ ಹೇಳಿರೆ ಎಲ್ಲಿ ಹೇಳಿ ಎನಗೂ ಗೊಂತಿತ್ತಿಲ್ಲೆ. ನ್ಯೂಜಿಲೆಂಡಿಂದ ವಿಮಾನಲ್ಲಿ ಸುಮಾರು ನಾಲ್ಕು ಗಂಟೆ ಹೋಯೆಕ್ಕು, ಪೆಸಿಫಿಕ್ ಸಮುದ್ರದ ನಡುಕೆ ಇಪ್ಪ ದ್ವೀಪಂಗೊ. ಉಪೋಲು, ಸವಾಯಿ ಹೇಳಿ ಎರಡು ದೊಡ್ಡ ದ್ವೀಪ, ಆಪಿಯಾ ಹೇಳಿ ರಾಜಧಾನಿ. ಇಡೀ ದೇಶಲ್ಲಿ ಇಪ್ಪದು ಎರಡು ಲಕ್ಷ ಜೆನದ ಹತ್ತರೆ. ನ್ಯೂಜಿಲೆಂಡಿನ 2018ರ ಜನಗಣತಿಲಿ ಎಂಗೊ ಸಮೋವಾದವು ಹೇಳಿ ಬರಶಿದವು 1 ಲಕ್ಷದ 82 ಸಾವಿರಂದ ಹೆಚ್ಚು! ಊರಿಲಿ ಇಪ್ಪಷ್ಟೇ ಜೆನ ಹೆರಾಣ ಊರಿಲಿಯೂ ಇದ್ದವು ಹೇಳಿ ಆತು.

ಜೂನಿಲಿ ಕೊರೊನಾದ ಕಟ್ಟುನಿಟ್ಟು ಸಡಿಲ ಆದ ಮತ್ತೆ ಒಂದು ಆಯಿತ್ಯವಾರ ಉದಿಯಪ್ಪಗ ವಸ್ತ್ರ ಒಣಗ್ಸುಲೆ ಹೆರ ಹೋದೆ. ಆಚ ಜಾಲಿಂದ ಕರಕರ ಶಬ್ದ. ನಿಂಗೊ ನಂಬ್ತಿರೋ ಇಲ್ಲೆಯೋ, ಕಾಯಿ ಕೆರವ ಶಬ್ದವ ಏವ ದೇಶಲ್ಲಿ ಕೇಳಿರೂ ಗೊಂತಾವುತ್ತು. ಬೇಲಿಲಿ ಇಣ್ಕಿ ನೋಡಿರೆ ಹದಿನೆಂಟು ವರ್ಷದ ಒಂದು ಮಾಣಿ ಮಣೆಲಿ ಕೂದೊಂಡು ಕಾಯಿ ಕೆರೆತ್ತಾ ಇದ್ದ. ಮಣೆ ನಮ್ಮ ಕೆರಮಣೆಯ ಹಾಂಗೇ, ಕೊಡಿಲಿ ಹಲ್ಲಿನ ಕಬ್ಬಿಣ. ಹತ್ತರೆ ಅವನ ಅಣ್ಣ ಕಿಚ್ಚಿಲಿ ಕಲ್ಲು ಕಾಸುತ್ತಾ ಇದ್ದ. ಎನ್ನ ಕಂಡು ಮನೆಯ ಅಜ್ಜಿ "ತಾಲೋಫ" ಹೇಳಿದವು. ಅವರ ಭಾಷೆಲಿ ನಮಸ್ಕಾರ. ಎಪ್ಪತ್ತು ದಾಂಟಿದ ಜೀವ, ತಲೆಲಿ ಒಂದು ಹೂಗು.

ಅವರದ್ದು ಅನುಪ್ಪತ್ಯದ ಹಾಂಗಿಪ್ಪ ಅಡಿಗೆ. ಕಲ್ಲಿನ ಕೆಂಪು ಅಪ್ಪನ್ನಾರ ಕಾಸಿ, ಅದರ ಮೇಗೆ ಕೆಸವಿನ ಗೆಡ್ಡೆ, ಬಾಳೆಕಾಯಿ, ಜೀಗುಜ್ಜೆ, ಮೀನು-ಮಾಂಸ ಎಲ್ಲ ಮಡುಗಿ, ಬಾಳೆಲೆ ಮುಚ್ಚಿ ಬೇಶುದು. ಇದಕ್ಕೆ "ಉಮು" ಹೇಳ್ತವು. ಉಮು ಕೆಲಸ ಗೆಂಡುಮಕ್ಕಳದ್ದೇ. ಹೆಮ್ಮಕ್ಕೊ ಹೆಚ್ಚು ಕೈ ಹಾಕುಲಿಲ್ಲೆ. ನಮ್ಮಲ್ಲಿಯೂ ಮದುವೆ-ಉಪ್ನಯನಕ್ಕೆ ದೊಡ್ಡ ಅಡಿಗೆಗೆ ಸೌಟು ಹಿಡಿವದು ಗೆಂಡುಮಕ್ಕಳೇ ಅನ್ನೇ, ಆದರೆ ಇವಕ್ಕೆ ಪ್ರತಿ ಆಯಿತ್ಯವಾರವೂ ಹಾಂಗೇ. ಇದರ ಇವಕ್ಕೆ ಫೋನಿಲಿ ಹೇಳಿದೆ. "ಅಲ್ಲಿ ಕಲ್ಲು ಸಿಕ್ಕುತ್ತು, ಇಲ್ಲಿ ಸಿಕ್ಕುತ್ತಿಲ್ಲೆ" ಹೇಳಿ ನೆಗೆ ಮಾಡಿದವು.

ಮಧ್ಯಾಹ್ನ ಅಜ್ಜಿ ಎಂಗೊಗೆ ಒಂದು ಕಟ್ಟ ತಂದು ಕೊಟ್ಟವು. "ಪಲುಸಾಮಿ" ಹೇಳಿದವು. ಎನಗೆ ಆರೋ ತಮಿಳು ಜೆನದ ಹೆಸರು ಕೇಳಿದ ಹಾಂಗಾತು. ಬಿಡ್ಸಿ ನೋಡಿರೆ ಎಳತ್ತು ಕೆಸವಿನ ಸೊಪ್ಪಿನ ಒಳ ದಪ್ಪ ಕಾಯಿಹಾಲು, ನೀರುಳ್ಳಿ, ಉಪ್ಪು ಹಾಕಿ ಬೇಶಿದ್ದು. ಅಕ್ಕಿ ಇಲ್ಲೆ, ಹುಳಿ ಇಲ್ಲೆ, ಮೆಣಸು ಇಲ್ಲೆ, ಆದರೂ ಪತ್ರೊಡೆಯ ಅಕ್ಕನ ಮಗಳು! ಎಂಗೊ ಮಾಂಸ ತಿಂತಿಲ್ಲೆ ಹೇಳಿ ಮಗಳು ಮದಲೇ ಹೇಳಿತ್ತಿದ್ದು, ಹಾಂಗಾಗಿ ಎಂಗಳದ್ದರ ಬೇರೆಯೇ ಮಡುಗಿ ಬೇಶಿತ್ತಿದ್ದವು. ಹುಳಿ ಹಾಕದ್ದೆ ದೊಂಡೆ ತೊರುಸುತ್ತಿಲ್ಲೆಯೋ ಹೇಳಿ ಕೇಳಿದೆ. ಸರಿಯಾಗಿ ಬೇಶಿರೆ ಇಲ್ಲೆ ಹೇಳಿದವು. ಕೆಸವಿನ ಬಗ್ಗೆ ಅವರ ಹತ್ತರೆ ಜಾಗ್ರತೆಲಿ ಮಾತಾಡೆಕ್ಕು. 1993ರಲ್ಲಿ ಒಂದು ಎಲೆರೋಗ ಬಂದು ಸಮೋವಾದ ಕೆಸವಿನ ಬೆಳೆ ಹೆಚ್ಚುಕಮ್ಮಿ ಪೂರ್ತಿ ಹೋಯಿದು. ನಮ್ಮಲ್ಲಿ ಅಡಕ್ಕಗೆ ಕೊಳೆರೋಗ ಬಂದ ವರ್ಷವ ಹೇಂಗೆ ಮರವಲಿಲ್ಲೆಯೋ, ಹಾಂಗೆ ಅವಕ್ಕೆ ಆ ವರ್ಷ.

ಅಂದಿಂದ ಬೇಲಿಯ ಮೇಗೆ ಪಾತ್ರ ಹೋಗಿ ಬಂದು ಸುರು ಆತು. ಎನ್ನ ಪಿಯುಸಿ ಇಂಗ್ಲಿಷು, ಅವರ ಸಮೋವಾ ಇಂಗ್ಲಿಷು. ಅರ್ಧ ಕೈಲಿ ಮಾತಾಡಿದ್ದು.

ಅಕ್ಟೋಬರಿನ ಎರಡನೇ ಆಯಿತ್ಯವಾರ ಅವಕ್ಕೆ ಮಕ್ಕಳ ಹಬ್ಬ. ಅವರ ಭಾಷೆಲಿ "ಲೋತು ತಮಾಯಿತಿ", ಇಂಗ್ಲಿಷಿಲಿ ವೈಟ್ ಸಂಡೆ ಹೇಳ್ತವು. ಅಂದು ಮಕ್ಕೊ ಎಲ್ಲ ಬೆಳಿ ವಸ್ತ್ರ ಹಾಕಿಗೊಂಡು ಇಗರ್ಜಿಲಿ ಬಾಯಿಪಾಠ ಒಪ್ಪುಸುದು, ಪದ್ಯ ಹೇಳುದು, ಸಣ್ಣ ನಾಟಕ ಮಾಡುದು. ಸಮೋವಾಲ್ಲಿ ಮರದಿನ ಸರಕಾರಿ ರಜೆ. ಎನಗೆ ಕುಶಿ ಆದ್ದು ಊಟದ ಕ್ರಮ. ಬಾಕಿ ದಿನ ಅಲ್ಲಿ ಹೆರಿಯವು ಮದಲು ಉಂಬದು, ಮಕ್ಕೊ ಬಳುಸಿಕ್ಕಿ ಮತ್ತೆ ಉಂಬದು. ಆ ಒಂದು ದಿನ ಮಾತ್ರ ಮಕ್ಕೊಗೆ ಮದಲ ಹಂತಿ, ಅಬ್ಬೆ-ಅಪ್ಪ, ಅಜ್ಜಂದ್ರು ನಿಂದೊಂಡು ಬಳುಸುದು. ಮಕ್ಕಳ ಮೋರೆ ನೋಡೆಕ್ಕು ಅಂಬಗ! ಐದು ವರ್ಷದ ಒಂದು ಕೂಸು ಅಜ್ಜನತ್ರೆ "ಇನ್ನೂ ರಜ ಹಾಕು" ಹೇಳಿ ಗತ್ತಿಲಿ ಕೈ ತೋರ್ಸಿತ್ತು. ಅಜ್ಜ ಬಗ್ಗಿ ಬಳುಸಿದವು.

ಅಜ್ಜಿ ಮಾತ್ರ ಅಡಿಗೆ ಕೋಣೆಗೆ ಹೋಗಿ ಕಣ್ಣು ಉದ್ದಿಗೊಂಡವು. ಎಂತಾತು ಹೇಳಿ ಆನು ಕೇಳಿದ್ದಿಲ್ಲೆ. ಅವೇ ಹೇಳಿದವು. ಹಿಂದಾಣ ವರ್ಷ, 2019ರಲ್ಲಿ, ಇದೇ ಹಬ್ಬ ಕಳುದ ಮತ್ತೆ ಸಮೋವಾಲ್ಲಿ ದಡಾರ ಹಬ್ಬಿ 83 ಜೀವ ಹೋತು. ಹೆಚ್ಚಿಂದೂ ಐದು ವರ್ಷದ ಒಳಾಣ ಮಕ್ಕೊ. "ಈ ವರ್ಷ ಬೆಳಿ ವಸ್ತ್ರ ಹೊಲಿವಲೆ ಮಕ್ಕೊ ಇಲ್ಲದ್ದ ಮನೆಗೊ ಇದ್ದು" ಹೇಳಿದವು. ಅವರ ತಂಗೆಯ ಊರಿಲಿಯೂ ಹಾಂಗೇ ಒಂದು ಮನೆ ಇದ್ದಡ. ಎನ್ನ ಮಡಿಲಿಲಿ ನಾಲ್ಕು ತಿಂಗಳಿನ ಪುಳ್ಳಿ ಇತ್ತು. ಆನು ಮಾತಾಡ್ಲೆ ಹೋಯಿದಿಲ್ಲೆ.

ಇನ್ನು ಹಸೆಯ ಕತಗೆ ಬತ್ತೆ.

2021ರ ಜನವರಿ. ಅಲ್ಲಿಗೆ ಅದು ಬೇಸಗೆ. ಅಜ್ಜಿ ಜಾಲಿಲಿ ಒಂದು ದೊಡ್ಡ ವಸ್ತ್ರ ಹಾಸಿ, ಅದರ ಮೇಗೆ ನಾಲ್ಕು ಹಸೆ ಬೆಶಿಲಿಂಗೆ ಹರಗಿತ್ತಿದ್ದವು. ಎನಗೆ ಹಪ್ಪಳದ ಕಾಲ ನೆಂಪಾತು. ಮಾತಾಡ್ಯೊಂಡು ಹತ್ತರಾಣ ಹಸೆಲಿ ಕೂಪಲೆ ಹೆರಟೆ. ಅಜ್ಜಿ "ನೋ, ನೋ!" ಹೇಳಿ ಎನ್ನ ರಟ್ಟೆ ಹಿಡುದು ಎಳದವು. ಮತ್ತೆ ನೆಗೆ ಮಾಡಿ, ಎನಗೊಂದು ಕುರ್ಚಿ ತಂದು ಹಾಕಿ, ಹಸೆಯ ಕರೆಯ ಎನ್ನ ಕೈಲಿ ಕೊಟ್ಟವು.

ಅಕ್ಕಂದ್ರೇ, ಅದು ಹಸೆ ಹೇಳಿ ಹೇಳಿರೆ ನಂಬಿಕೆ ಬಾರ. ಮಡುಸಿರೆ ಹಳೆ ರೇಷ್ಮೆ ಸೀರೆಯ ಹಾಂಗೆ ಮಡುಸುತ್ತು. ಬಣ್ಣ ಹಾಲು ಹಾಕಿದ ಚಾಯದ ಹಾಂಗೆ. ಕರೆಲಿ ಸಾಲಾಗಿ ಕೆಂಪು ಹಕ್ಕಿಪುಚ್ಚ. ಇದಕ್ಕೆ "ಇಯೆ ತೋಂಗ" ಹೇಳ್ತವು. ಹಾಸುಲೆ ಅವಕ್ಕೆ ಬೇರೆ ದೊರಗು ಹಸೆ ಇದ್ದು. ಇದು ಕೂಪಲೆ ಅಲ್ಲ, ಒರಗುಲೆ ಅಲ್ಲ. ಮಡುಸಿ ಹಾಸಿಗೆಯ ಅಡಿಲಿ ಮಡುಗುದು, ನಾವು ಚಿನ್ನವ ಪೆಟ್ಟಿಗೆ ಅಡಿಲಿ ಮಡುಗಿದ ಹಾಂಗೆ.

ಮಾಡುದು ಹೇಂಗೆ ಹೇಳಿರೆ, ನಮ್ಮ ಕೇದಗೆ ಜಾತಿಯದ್ದೇ ಗೆಡುವಿನ ಓಲೆ. ಮುಳ್ಳು ತೆಗದು, ಬೇಶಿ, ಬೆಶಿಲಿಲಿ ಬೆಳಿ ಅಪ್ಪನ್ನಾರ ಒಣಗ್ಸಿ, ಉಗುರಿಲಿ ಸೀಳಿದ ಹಾಂಗೆ ಸಣ್ಣ ಸಣ್ಣ ಎಳೆ ಮಾಡೆಕ್ಕು. ಮತ್ತೆ ಕೈಲೇ ನೇಯೆಕ್ಕು, ಮಗ್ಗ ಇಲ್ಲೆ. ಎಳೆ ಸಪೂರ ಆದಷ್ಟೂ ಬೆಲೆ ಹೆಚ್ಚು, ಸಮಯವೂ ಹೆಚ್ಚು. ಒಂದು ಹಸಗೆ ತಿಂಗಳುಗಟ್ಲೆ, ಭಾರೀ ಸಪೂರದ್ದಾದರೆ ವರ್ಷಗಟ್ಲೆ. ನೇವದು ಹೆಮ್ಮಕ್ಕೊ, ಒಟ್ಟಿಂಗೆ ಕೂದೊಂಡು, ಮಾತಾಡಿಗೊಂಡು, ಸಣ್ಣವಕ್ಕೆ ಕಲಿಶಿಗೊಂಡು. 2019ರಲ್ಲಿ ಯುನೆಸ್ಕೋ ಈ ಕೈಕೆಲಸವ ಮನುಷ್ಯಕುಲದ ಪರಂಪರೆಯ ಪಟ್ಟಿಗೆ ಸೇರ್ಸಿದ್ದು.

ಮದುವೆ ಆದರೆ ಹಸೆ ಕೊಡೆಕ್ಕು. ಸಾವಾದರೆ ಹಸೆ ತೆಕ್ಕೊಂಡು ಹೋಯೆಕ್ಕು. ಕುಟುಂಬದ ಯಜಮಾನಂಗೆ ಪಟ್ಟ ಕಟ್ಟುವಗ ಹಸೆ ಬೇಕು. ಹಾಂಗಾಗಿ ಒಂದು ಹಸೆ ಒಂದೇ ಮನೆಲಿ ನಿಲ್ಲುತ್ತಿಲ್ಲೆ, ಊರೂರು ತಿರುಗುತ್ತು. ಹೆಚ್ಚು ತಿರುಗಿದಷ್ಟೂ ಅದಕ್ಕೆ ಮರ್ಯಾದಿ. ಹಳೇ ದೊಡ್ಡ ಹಸೆಗೊಕ್ಕೆ ಹೆಸರೇ ಇದ್ದು, ಯಾವ ಮದುವೆಲಿ ಕೊಟ್ಟದು, ಆರ ಸಾವಿಲಿ ಬಂದದು ಹೇಳಿ ವಂಶಾವಳಿಯ ಹಾಂಗೆ ಹೇಳ್ತವು. ಅಜ್ಜಿ ಒಂದೊಂದೇ ಮುಟ್ಟಿ ಹೇಳಿದವು. ಇದು ಎನ್ನ ಅಬ್ಬೆ ಸತ್ತಪ್ಪಗ ಬಂದದು. ಇದು ದೊಡ್ಡ ಪುಳ್ಳಿಯ ಮದುವಗೆ ಹೋಪಲಿಪ್ಪದು. ಇದು ಎನ್ನ ಅಜ್ಜಿ ನೇದ್ದು.

ಮತ್ತೆ ಎನ್ನ ಕೇಳಿದವು, "ನಿನ್ನ ಊರಿಲಿ ಹಸೆ ಇದ್ದೋ? ನಿನ್ನ ಮನೆಯ ಹಸೆಗಳ ಆರು ನೇದ್ದು?"

ಇದ್ದು ಹೇಳಿದೆ. ಆರು ನೇದ್ದು ಹೇಳುದಕ್ಕೆ ಬಾಯಿ ಕಟ್ಟಿತ್ತು. ಎನ್ನ ಅತ್ತೆಯ ಕಾಲಲ್ಲಿ ತೋಟದ ಕೆಲಸಕ್ಕೆ ಬಂದೊಂಡಿದ್ದ ಒಂದು ಹೆಮ್ಮಕ್ಕೊ ತೋಡಿನ ಕರೆಯ ಓಲೆ ಕೊಯ್ದು, ಬೇಶಿ, ನಮ್ಮ ಜಗುಲಿಯ ಕೊಡಿಲಿ ಕೂದು ನೇದು ಕೊಟ್ಟೊಂಡಿತ್ತು. ಅಕ್ಕಿ, ಕಾಯಿ, ಒಂದು ಸೀರೆ ಕೊಟ್ಟೊಂಡಿತ್ತಿದ್ದೆಯೊ. ಎನ್ನ ಎರಡು ಬಾಳಂತನವೂ ಅದು ನೇದ ಹಸೆಲೇ ಆದ್ದು. ಆದರೆ ಅದರ ಹೆಸರು? ನಾವೆಲ್ಲ "ಹಸೆಯ ಅಜ್ಜಿ" ಹೇಳಿಯೊಂಡಿತ್ತಿದ್ದೆಯೊ. "ಗೊಂತಿಲ್ಲೆ" ಹೇಳಿದೆ. ಆಚ ಅಜ್ಜಿ ಎಂತದೂ ಹೇಳಿದ್ದವಿಲ್ಲೆ, ಹಸೆ ಮಡುಸಿದವು. ಎನಗೆ ಆ ಇರುಳು ಒರಕ್ಕು ಬಯಿಂದಿಲ್ಲೆ.

ಅವರ ಅಜ್ಜಿ ನೇದ ಹಸೆಯ ಕತೆ ಮತ್ತೊಂದು ದಿನ ಹೇಳಿದವು. ಇಲ್ಲಿ ರಜ ಚರಿತ್ರೆ ಗೊಂತಿರೆಕ್ಕು.

ಸಮೋವಾವ 1900ರಲ್ಲಿ ಜರ್ಮನಿಯೂ ಅಮೆರಿಕವೂ ಪಾಲು ಮಾಡಿಗೊಂಡವು. ಮೂಡ ಹೊಡೆ ಅಮೆರಿಕಕ್ಕೆ, ಪಡು ಹೊಡೆ ಜರ್ಮನಿಗೆ. 1914ರ ಆಗಸ್ಟಿಲಿ ಮಹಾಯುದ್ಧ ಸುರುವಪ್ಪಗ ನ್ಯೂಜಿಲೆಂಡಿನ ಸೈನ್ಯ ಬಂದು ಪಡು ಹೊಡೆಯ ತೆಕ್ಕೊಂಡತ್ತು. 1918ರ ನವೆಂಬರ 7ಕ್ಕೆ ಆಕ್ಲೆಂಡಿಂದ ಹೆರಟ "ಟಲೂನ್" ಹೇಳ್ತ ಹಡಗು ಆಪಿಯಾ ಬಂದರಿಂಗೆ ಬಂತು. ಹಡಗಿಲಿ ಆ ಕಾಲದ ಮಹಾ ಶೀತಜ್ವರ ಇತ್ತು. ನ್ಯೂಜಿಲೆಂಡಿನ ಅಧಿಕಾರಿಗೊ ಹಡಗಿನ ದೂರ ನಿಲ್ಸದ್ದೆ ಜೆನಂಗಳ ಇಳಿವಲೆ ಬಿಟ್ಟವು. ಎರಡು ತಿಂಗಳಿಲಿ ಸುಮಾರು 8,500 ಜೆನ ಸತ್ತವು. ಐದು ಜೆನಲ್ಲಿ ಒಬ್ಬ! ಆಚಿಕೆ ಅಮೆರಿಕದ ಹೊಡೆಲಿ ಗವರ್ನರ್ ಜಾನ್ ಪೋಯರ್ ಹೇಳ್ತ ಜೆನ ಹಡಗುಗಳ ತಡದು ನಿಲ್ಸಿದ. ಅಲ್ಲಿ ಆ ಜ್ವರಲ್ಲಿ ಒಬ್ಬನೂ ಸತ್ತಿದವಿಲ್ಲೆ. ಸಹಾಯಕ್ಕೆ ವೈದ್ಯರ ಕಳುಸುತ್ತೆಯೊ ಹೇಳಿ ಆಚಿಕರೆಂದ ಹೇಳಿರೂ ಈಚಿಕರೆಯ ಅಧಿಕಾರಿ ರಾಬರ್ಟ್ ಲೋಗನ್ ತೆಕ್ಕೊಂಡಿದಾಯಿಲ್ಲೆ.

ಎಂಗೊ ಮನೆಲಿ ಕೂದು ಕೈ ತೊಳದು ತೊಳದು ಚರ್ಮ ಸೊಲುದು ಹೋದ ಆ ವರ್ಷಲ್ಲಿ ಈ ಕತೆ ಕೇಳುದು ಬೇರೆಯೇ. ಒಂದು ಹಡಗಿನ ತಡವದು, ತಡೆಯದ್ದೆ ಇಪ್ಪದು, ಅಷ್ಟೇ ವ್ಯತ್ಯಾಸ.

ಅಜ್ಜಿಯ ಅಜ್ಜಿಗೆ ಅಂಬಗ ಹತ್ತು ವರ್ಷ. ಮನೆಲಿ ಏಳು ಜೆನ ಇದ್ದದು ಎರಡಾತು. ಸತ್ತವಕ್ಕೆ ಪೆಟ್ಟಿಗೆ ಮಾಡುವ ಜೆನ ಇಲ್ಲೆ, ಗುಂಡಿ ತೆಗವ ಜೆನ ಇಲ್ಲೆ. ಮನೆಲಿದ್ದ ಹಸೆಗಳಲ್ಲೇ ಸುತ್ತಿ ಮಣ್ಣು ಮಾಡಿದವಡ. ಆ ಕೂಸು ದೊಡ್ಡ ಆದ ಮತ್ತೆ ಜೀವಮಾನ ಇಡೀ ಹಸೆ ನೇದತ್ತು. "ಮಣ್ಣಿಂಗೆ ಹೋದ್ದರ ಪುನಾ ಮನೆಗೆ ತರೆಕ್ಕು" ಹೇಳಿಯೊಂಡಿತ್ತಡ.

ಆ ಸಾವುಗೊ ಜೆನಂಗಳ ಮನಸ್ಸಿಂದ ಹೋಯಿದಿಲ್ಲೆ. 1920ರ ದಶಕಲ್ಲಿ "ಮೌ" ಹೇಳ್ತ ಚಳವಳಿ ದೊಡ್ಡ ಆತು. ನಮ್ಮ ದೇಶ ನವಗೆ ಹೇಳಿ ಕೇಳುದು. ತೆರಿಗೆ ಕಟ್ಟದ್ದೆ, ಸರಕಾರದ ಕೆಲಸಕ್ಕೆ ಸೇರದ್ದೆ, ಆಯುಧ ಹಿಡಿಯದ್ದೆ. ಅದೇ ಕಾಲಲ್ಲಿ ನಮ್ಮಲ್ಲಿ ಗಾಂಧೀಜಿ ಮಾಡಿಯೊಂಡಿದ್ದದೂ ಅದನ್ನೇ ಅಲ್ಲದೋ. 1929ರ ದಶಂಬ್ರ 28, ಒಂದು ಶನಿವಾರ, ಆಪಿಯಾಲ್ಲಿ ಮೆರವಣಿಗೆ ಹೋವುತ್ತಾ ಇಪ್ಪಗ ನ್ಯೂಜಿಲೆಂಡಿನ ಪೋಲೀಸರು ಗುಂಡು ಹಾಕಿದವು. ಸಮಾಧಾನ, ಸಮಾಧಾನ ಹೇಳಿ ಜೆನಂಗಳ ತಡಕ್ಕೊಂಡಿದ್ದ ಮುಖಂಡ ತುಪುವಾ ತಮಸೇಸೆ ಲೆಯಾಲೋಫಿಗೂ ಗುಂಡು ತಾಗಿತ್ತು, ಅವ ಮರದಿನ ಸತ್ತ. ಸಾವಗಳೂ ಎನ್ನ ಲೆಕ್ಕಲ್ಲಿ ಇನ್ನೊಬ್ಬನ ರಕ್ತ ಚೆಲ್ಲೆಡಿ ಹೇಳಿ ಕೇಳಿಗೊಂಡಿದ. ಅದಾಗಿ ಮೂರು ತಿಂಗಳಪ್ಪಗ ಇಲ್ಲಿ ದಂಡಿಗೆ ಉಪ್ಪಿನ ಯಾತ್ರೆ ಹೆರಟದು.

ಮತ್ತೆ ಗೆಂಡುಮಕ್ಕೊ ಎಲ್ಲ ಕಾಡಿಂಗೆ ಹೋಗಿ ಅಡಗೆಕ್ಕಾಗಿ ಬಂತು. ಆ ಹೊತ್ತಿಂಗೆ ಚಳವಳಿಯ ಕೈಲಿ ಹಿಡುದ್ದು ಹೆಮ್ಮಕ್ಕೊ. ತಮಸೇಸೆಯ ಹೆಂಡತಿ ಅಲಾ ತಮಸೇಸೆ, ಮತ್ತೆ ಕೆಲವು ಹೆಮ್ಮಕ್ಕೊ ಸೇರಿ ಹೆಮ್ಮಕ್ಕಳ ಮೌ ಕಟ್ಟಿದವು. ಗೆಂಡ ಸತ್ತ ದುಃಖ ಆರೆಕ್ಕಾರೆ ಮದಲೇ ಸಭೆ ಸೇರ್ಸಿದ್ದು, ಮೆರವಣಿಗೆ ಹೋದ್ದು. ಅಖೇರಿಗೆ 1962ರ ಜನವರಿ 1ಕ್ಕೆ ಸಮೋವಾ ಸ್ವತಂತ್ರ ಆತು. ಹಬ್ಬ ಮಾತ್ರ ಜೂನ್ 1ಕ್ಕೆ ಮಾಡ್ತವು. 2002ರ ಜೂನಿಲಿ ನ್ಯೂಜಿಲೆಂಡಿನ ಪ್ರಧಾನಮಂತ್ರಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೇ ಹೋಗಿ ಆ ಜ್ವರಕ್ಕೂ ಗುಂಡಿಂಗೂ ತಪ್ಪಾತು ಹೇಳಿದವು.

ಇಷ್ಟು ಆದ ಮತ್ತೆ ಆ ಜೆನಂಗೊ ನ್ಯೂಜಿಲೆಂಡಿಂಗೇ ಎಂತಗೆ ಬಂದದು ಹೇಳಿ ನಿಂಗೊ ಕೇಳುಗು. ಆನೂ ಕೇಳಿದೆ. ಅವರ ಬಪ್ಪಲೆ ಹೇಳಿದವೇ ನ್ಯೂಜಿಲೆಂಡಿನವು. ಯುದ್ಧ ಮುಗುದ ಮತ್ತೆ ಅಲ್ಲಿ ಕಾರ್ಖಾನೆಗೊಕ್ಕೆ ಕೆಲಸದ ಜೆನ ಬೇಕಾಗಿತ್ತು. 1950, 60ರ ದಶಕಲ್ಲಿ ದ್ವೀಪಂಗಳಿಂದ ಜೆನ ಬಂದವು, ಕೆಲಸ ಮಾಡಿದವು. ವೀಸಾದ ತಾರೀಕು ದಾಂಟಿರೂ ಆರೂ ಕೇಳಿಯೊಂಡಿತ್ತಿದ್ದವಿಲ್ಲೆ. 1973ರ ಮತ್ತೆ ಪೆಟ್ರೋಲಿನ ಬೆಲೆ ಏರಿತ್ತು, ಕೆಲಸ ಕಮ್ಮಿ ಆತು. ಅಂಬಗ ದ್ವೀಪದವರ ಮೇಲೆ ಕಣ್ಣು ಬಿದ್ದತ್ತು. 1974ರಿಂದ 1976ರ ವರೆಗೆ ಪೋಲೀಸರು ಉದಿಯಪ್ಪಾಣ ಕಸ್ತಲೆಲಿ ಮನೆಗೊಕ್ಕೆ ನುಗ್ಗಿ, ಒರಗಿದವರ ಏಳುಸಿ, ಕಾಗದ ತೋರ್ಸಿ ಹೇಳಿ ಕೇಳಿ ಹಿಡುದೊಂಡು ಹೋದವು. ಇದಕ್ಕೆ "ಡಾನ್ ರೇಡ್ಸ್" ಹೇಳ್ತವು. ತಾರೀಕು ದಾಂಟಿ ನಿಂದವರಲ್ಲಿ ದ್ವೀಪದವು ಮೂರರಲ್ಲಿ ಒಂದು ಪಾಲು. ಕೋರ್ಟಿಂಗೆ ಎಳದವರಲ್ಲಿ ಮಾತ್ರ ನೂರಕ್ಕೆ 86 ಅವೇ. ಬೆಳಿ ಚರ್ಮದವರ ಮನೆ ಬಾಗಿಲು ಅಷ್ಟಾಗಿ ಆರೂ ಬಡುದ್ದವಿಲ್ಲೆ.

ಅಜ್ಜಿಯ ಮೈದುನನ ಹಾಂಗೇ ಕೊಂಡೋದ್ದು. "ಮಕ್ಕೊ ಕೂಗಿದವು. ಆನು ಕೂಗಿದ್ದಿಲ್ಲೆ, ಚಾಯ ಕೊದಿತ್ತಾ ಇತ್ತು, ಅದರ ಇಳುಗಿದೆ" ಹೇಳಿದವು. ಈ ಮಾತಿನ ಅವು ನಲುವತ್ತೈದು ವರ್ಷ ಆರತ್ರೂ ಹೇಳಿತ್ತವಿಲ್ಲೆಡ. ಅವರ ಮಗಳು ಎನ್ನ ಮೋರೆ ನೋಡಿತ್ತು, ಅದೂ ಆಗಳೇ ಕೇಳಿದ್ದು.

ಇದರ ಹೇಳಿದ್ದು 2021ರ ಆಗಸ್ಟ್ 1ಕ್ಕೆ. ಅಂದು ಆಯಿತ್ಯವಾರ, ಎಂಗೊ ಎಲ್ಲ ಅವರ ಮನೆಲಿ ಟೀವಿ ಎದುರು ಕೂದೊಂಡಿತ್ತಿದ್ದೆಯೊ. ಆಕ್ಲೆಂಡಿನ ಟೌನ್ ಹಾಲಿಲಿ ಪ್ರಧಾನಮಂತ್ರಿ ಜೆಸಿಂಡಾ ಆರ್ಡರ್ನ್ ಆ ದಾಳಿಗೊಕ್ಕೆ ಸರಕಾರದ ಲೆಕ್ಕಲ್ಲಿ ತಪ್ಪಾತು ಹೇಳುಲೆ ಬಂದಿತ್ತಿದ್ದವು.

ಸಮೋವಾಲ್ಲಿ ಒಂದು ಹಳೇ ಕ್ರಮ ಇದ್ದು, "ಇಫೋಂಗ" ಹೇಳಿ. ಒಂದು ಮನೆಯವು ಇನ್ನೊಂದು ಮನೆಯವಕ್ಕೆ ದೊಡ್ಡ ತಪ್ಪು ಮಾಡಿರೆ, ತಪ್ಪು ಮಾಡಿದ ಹೊಡೆಯವು ಉದಿಯಪ್ಪಾಣ ಜಾವಲ್ಲಿ ಅವರ ಮನೆ ಎದುರು ಹೋಗಿ, ತಲೆಮೇಗೆ ಇಯೆ ತೋಂಗ ಹೊದಕ್ಕೊಂಡು ಕೂಪದು. ಹಸೆಯ ಅಡಿಲಿ ಇಪ್ಪ ಜೀವ ಎದುರಾಣವರ ಕೈಲಿ. ಸಿಟ್ಟು ಬಂದರೆ ಬಡಿಗು. ಮಾಪು ಮಾಡ್ತರೆ ಬಂದು ಹಸೆ ತೆಗಗು. ಹಸೆ ತೆಗದ ಮತ್ತೆ ಆ ಜಗಳ ಅಲ್ಲಿಗೇ ಮುಗುದತ್ತು.

ಆ ದಿನ ಆರ್ಡರ್ನಿನ ಮೈಮೇಗೆ ಪೆಸಿಫಿಕ್ ಜೆನಂಗೊ ಒಂದು ದೊಡ್ಡ ಬೆಳಿ ಹಸೆ ಹೊದೆಶಿದವು. ರಜ ಹೊತ್ತು ಅದರ ಮೋರೆಯೇ ಕಾಂಬಲಿಲ್ಲೆ, ಬರೀ ಹಸೆ. ಮತ್ತೆ ಅವೇ ಹಸೆಯ ತೆಗದು ಅದರ ಅಪ್ಪಿಗೊಂಡವು. ಎಂಗಳ ಕೋಣೆಲಿ ಆರಿಂಗೂ ಉಸುಲೇ ಇಲ್ಲೆ. ಉದಿಯಪ್ಪಾಣ ಜಾವಲ್ಲಿ ಬಾಗಿಲು ಬಡುದ ಸರಕಾರ, ಉದಿಯಪ್ಪಾಣ ಜಾವದ ಕ್ರಮಲ್ಲೇ ಹಸೆಯ ಅಡಿಂಗೆ ಬಯಿಂದು.

ಸಮಾಧಾನ ಆತೋ ಹೇಳಿ ಆನು ಅಜ್ಜಿಯ ಕೇಳಿದೆ. ಅವು ಕೂಡ್ಲೆ ಹೇಳಿದ್ದವಿಲ್ಲೆ. "ಹಸೆ ಹೊದದ್ದು ಸಮ. ಆದರೆ ಅದರ ತೆಗೆಯೆಕ್ಕಾದ ಎನ್ನ ಮೈದುನ ಸತ್ತು ಹನ್ನೆರಡು ವರ್ಷ ಆತು" ಹೇಳಿದವು. ರಜ ಕಳುದು, "ಆ ಹಸೆಯ ಆರೋ ಒಂದು ಹೆಮ್ಮಕ್ಕೊ ನೇದ್ದು. ನೇವಗ ಇದು ಪ್ರಧಾನಮಂತ್ರಿಯ ತಲಗೆ ಹೋಪದು ಹೇಳಿ ಅದಕ್ಕೆ ಗೊಂತಿತ್ತೋ?" ಹೇಳಿ ಕೇಳಿದವು.

ಅಕ್ಕಂದ್ರೇ, ಎನಗೆ ಹೇಳ್ಲಿಪ್ಪದು ಇಷ್ಟೇ. ಕಾಗದಲ್ಲಿ ಬರದ ಚರಿತ್ರೆ ಅಧಿಕಾರಿಗಳದ್ದು, ಹಡಗಿನದ್ದು. ಸಮೋವಾದ ಹೆಮ್ಮಕ್ಕೊ ಅವರ ಚರಿತ್ರೆಯ ಹಸೆಲಿ ಮಡುಗಿದವು, ಆರು ನೇದ್ದು ಹೇಳುದರ ಮರದ್ದವಿಲ್ಲೆ. ಹಾಂಗಾಗಿ ತಪ್ಪು ಒಪ್ಪೆಕ್ಕಾಗಿ ಬಂದ ದಿನ ಸರಕಾರವೇ ಹೆಮ್ಮಕ್ಕಳ ಕೈಕೆಲಸದ ಅಡಿಂಗೆ ಬರೆಕ್ಕಾತು. ನಮ್ಮಲ್ಲಿ ಹಸೆ ಇತ್ತು, ಹೆಸರಿನ ಮಡಿಕ್ಕೊಂಡಿದಿಲ್ಲೆ.

2022ರ ಏಪ್ರಿಲಿಲಿ ಆನು ಊರಿಂಗೆ ಬಂದೆ. ಬಪ್ಪಗ ಅಜ್ಜಿ ಕೈಲಿ ಒಂದು ಬೀಸಾಳೆ ಕೊಟ್ಟವು, ಅವೇ ನೇದ್ದು. ಬಂದ ವಾರವೇ ಅತ್ತೆಯತ್ರೆ ಕೇಳಿದೆ, ಹಸೆಯ ಅಜ್ಜಿಯ ಹೆಸರೆಂತ ಹೇಳಿ. ಅವಕ್ಕೆ ಎಂಬತ್ತಾರು. "ಅದರ ಮಗಳು ಗುಡ್ಡೆಯ ಆಚಿಕೆ ಇದ್ದು, ಹೋಗಿ ಕೇಳು" ಹೇಳಿದವು. ಅಟ್ಟಲ್ಲಿ ಹುಡ್ಕಿರೆ ಒಂದೇ ಹಸೆ ಸಿಕ್ಕಿತ್ತು. ಹೊಸ ಮನೆ ಕಟ್ಟುವಗ ಪ್ಲಾಸ್ಟಿಕ್ ಹಸೆ ಬಂತು ಹೇಳಿ ಬಾಕಿದ್ದರ ಅಡಕ್ಕೆ ಅಡಿಂಗೆ ಹಾಕಿದ್ದು ಆನೇ. ಒರಳೆ ತಿಂದತ್ತು.

ಹಸೆ ಸುರುಟಿ ಹಿಡ್ಕೊಂಡು ಗುಡ್ಡೆ ಹತ್ತಿ ಹೋದೆ. ಮಗಳು, ಎನ್ನದೇ ಪ್ರಾಯ, ಹಸೆಯ ಬಿಡ್ಸಿ ಕರೆಯ ಬೆರಳಿಲಿ ಉದ್ದಿ ನೋಡಿತ್ತು. ಅಲ್ಲಿ ಎರಡು ಕೆಂಪು ಗೆರೆ ಇದ್ದು. ಮೂವತ್ತು ವರ್ಷ ಅದರ ಮೇಲೆ ಒರಗಿರೂ ಆನು ಆ ಗೆರೆಯ ಸರಿಯಾಗಿ ನೋಡಿತ್ತಿದ್ದಿಲ್ಲೆ. "ಅಬ್ಬೆದು" ಹೇಳಿತ್ತು ಅದು. "ಬೇರೆಯವು ಒಂದು ಗೆರೆ ಹಾಕುಗು. ಎನ್ನಬ್ಬೆ ಎರಡು." ಮತ್ತೆ ಅಬ್ಬೆಯ ಹೆಸರು ಹೇಳಿತ್ತು. ಆ ಹೆಸರು ಅವರ ಮನೆದು, ಅವು ಹೇಳದ್ದೆ ಆನಿಲ್ಲಿ ಬರೆತ್ತಿಲ್ಲೆ. ಒಂದು ವಸ್ತ್ರದ ತುಂಡಿಲಿ ಬರದು ಹಸೆಯ ಮೂಲೆಲಿ ಹೊಲುದು ಮಡುಗಿದ್ದೆ.

ನಿನಗೆ ನೇವಲೆ ಬತ್ತೋ ಹೇಳಿ ಕೇಳಿದೆ. ಬತ್ತು ಹೇಳಿತ್ತು. "ಕೇಳಿದವೇ ಇಲ್ಲೆ ಅಕ್ಕಾ, ಇಪ್ಪತ್ತು ವರ್ಷ ಆತು. ಓಲೆ ಎಲ್ಲಿದ್ದು? ತೋಡಿನ ಕರೆಯ ಗೆಡು ಎಲ್ಲ ಜೇಸಿಬಿ ತೆಗದತ್ತನ್ನೇ." ತೆಗೆಶಿದ್ದು ಎಂಗಳೇ. ಎಂತ ಹೇಳುದು ಹೇಳಿ ಗೊಂತಾಯಿದಿಲ್ಲೆ.

ಕೆಳಾಣ ಮನೆ ಅತ್ತಿಗೆಯ ತೋಡಿನ ಕರೆಲಿ ನಾಲ್ಕು ಬುಡ ಇದ್ದು ಹೇಳಿ ಮತ್ತೆ ಗೊಂತಾತು. ಕಳುದ ಬೇಸಗೆಲಿ ಅದು ಓಲೆ ಕೊಯ್ದು ಬೇಶಿ ಒಣಗ್ಸಿತ್ತು. ಈಗ ನೇವಲೆ ಕೂಯಿದು, ಮದಲೇ ಪೈಸೆಯ ಲೆಕ್ಕ ಮಾತಾಡಿಯೇ. ಎನ್ನ ಮಗಳು ರಜೆಲಿ ಬಪ್ಪಗ ಮುಗಿಗೋ ಗೊಂತಿಲ್ಲೆ. ಒಂದೂವರೆ ಗೇಣು ಆಯಿದು. ಕರೆಲಿ ಎರಡು ಕೆಂಪು ಗೆರೆ.

ನಿಂಗಳ ಅಟ್ಟಲ್ಲಿಯೂ ಹಳೇ ಹಸೆ ಇಕ್ಕು. ಹರಗಿ, ಕರೆ ನೋಡಿ. ಅತ್ತೆಕ್ಕೊ, ಅಜ್ಜಿಯಕ್ಕೊ ಇಪ್ಪಗಳೇ ಕೇಳಿಕ್ಕಿ, ಆರು ನೇದ್ದು ಹೇಳಿ.